ಬೈಲಿನ ಹೊಗೆ ಎಲ್ಲಿಂದ: ಕ್ರಷರ್‌ನಿಂದಲೋ, ಬಚ್ಚಲಿನಿಂದಲೋ?

ಪ್ರಶ್ನೆ: ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ, ಬೈಲಿನ ಅಂಚಿನಲ್ಲಿ ನಮ್ಮ ಮನೆ. ಪಶ್ಚಿಮಕ್ಕೆ ಒಂದೂವರೆ ಕಿಲೋಮೀಟರ್ ದೂರದ ಗುಡ್ಡೆಯಲ್ಲಿ ಜಲ್ಲಿ ಕ್ರಷರ್ ಇದೆ. ಅದರ ಟಿಪ್ಪರ್‌ಗಳು ನಮ್ಮ ಮಣ್ಣುರಸ್ತೆಯಲ್ಲೇ ಓಡುತ್ತವೆ. ಅತ್ತೆಗೆ 66 ವರ್ಷ, ಬೀಡಿ ಸಿಗರೇಟು ಮುಟ್ಟಿದವರಲ್ಲ. ಆದರೂ ಎರಡು ವರ್ಷದಿಂದ ಕೆಮ್ಮು, ಹತ್ತು ಮೆಟ್ಟಿಲು ಹತ್ತಿದರೆ ದಮ್ಮು. ಡಾಕ್ಟರು ಸಿಒಪಿಡಿ, ಅಂದರೆ ಉಸಿರಿನ ದಾರಿ ಕಿರಿದಾಗುವ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ ಅಂದರು. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಬೆಳಿಗ್ಗೆ ಬೈಲು ತುಂಬ ಹೊಗೆ ನಿಂತಿರುತ್ತದೆ. ಫೋನಿನ ವಾಯು ಗುಣಮಟ್ಟದ ಆ್ಯಪ್ ಮಾತ್ರ 70, ‘ಸಮಾಧಾನಕರ’ ಎಂದು ತೋರಿಸುತ್ತದೆ. ಮನೆಯಲ್ಲಿ ಗ್ಯಾಸ್ ಉಂಟು. ಸೌದೆ ಉರಿಸುವುದು ಬಚ್ಚಲಿಗೆ ಮತ್ತು ಕುಚ್ಚಲಕ್ಕಿ ಬೇಯಿಸಲಿಕ್ಕೆ ಮಾತ್ರ. ಕ್ರಷರ್ ಮೇಲೆ ದೂರು ಕೊಡಬೇಕೆಂದಿದ್ದೇವೆ. ಏರ್ ಪ್ಯೂರಿಫೈಯರ್ ತಂದರೆ ಪ್ರಯೋಜನ ಉಂಟೇ?

ಉತ್ತರ: ದೂರು ಕೊಡಿ, ಕೊಡಲು ಕಾರಣವಿದೆ, ಹೇಗೆ ಬರೆಯಬೇಕೆಂದು ಮುಂದೆ ಹೇಳುತ್ತೇವೆ. ಆದರೆ ನೀವು ಬರೆದದ್ದನ್ನು ನೋಡಿದರೆ ಅತ್ತೆಯವರ ಶ್ವಾಸಕೋಶಕ್ಕೆ ಹೆಚ್ಚು ಹಾನಿ ಮಾಡಿರುವುದು ಬಹುಮಟ್ಟಿಗೆ ಮನೆಯ ಒಲೆಯೇ. ನಾಳೆಯಿಂದ ಕ್ರಷರ್ ನಿಂತರೂ ಬಚ್ಚಲ ಒಲೆ ಈಗಿನಂತೆಯೇ ಉರಿದರೆ ಅವರ ಕೆಮ್ಮಿಗೆ ಬಿಡುವು ಸಿಗುವುದಿಲ್ಲ. ಬೀಡಿ ಸೇದದ ಹೆಂಗಸರಲ್ಲಿ ಸಿಒಪಿಡಿ ಕಾಣಿಸಿದರೆ ವೈದ್ಯರು ಮೊದಲು ಕೇಳುವುದೇ ಎಷ್ಟು ವರ್ಷ ಸೌದೆ ಒಲೆಯ ಮುಂದೆ ಕೂತಿದ್ದೀರಿ ಎಂದು.

ಹೊರಗಿನವರ ಮೇಲೆ ಮೊದಲು ಸಂಶಯ ಹುಟ್ಟುವುದು ಈ ಜಿಲ್ಲೆಯಲ್ಲಿ ಸಹಜ. ಕೇರಳ ಸರ್ಕಾರದ ಪ್ಲಾಂಟೇಶನ್ ಕಾರ್ಪೊರೇಷನ್ನಿನ ಗೇರುತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಚೆಲ್ಲಿದರು. ಗುರಿ ಇದ್ದದ್ದು ಚಹಾ ಸೊಳ್ಳೆ ಎಂಬ ಕೀಟ. ಹನಿಗಳು ಗಾಳಿಯೊಂದಿಗೆ ತೋಟದ ಬೇಲಿ ದಾಟಿ ಎಣ್ಮಕಜೆ, ಪಡ್ರೆಯ ಮನೆ, ತೋಡು, ಕುಡಿಯುವ ನೀರಿನ ಸುರಂಗಗಳಿಗೂ ಇಳಿದವು. ಆದ್ದರಿಂದ ಗುಡ್ಡೆಯ ಮೇಲಿನ ಯಂತ್ರವನ್ನು ಸಂಶಯಿಸುವುದು ತಪ್ಪಲ್ಲ. ತಪ್ಪಾಗುವುದು ಅಳೆಯದೆ ತೀರ್ಮಾನಿಸಿದಾಗ.

ಮೊದಲು ಆ 70ರ ವಿಷಯ. ಅದು ನಿಮ್ಮ ಬೈಲಿನ ಅಳತೆಯಲ್ಲ. ಆ್ಯಪ್‌ಗಳು ಮಂಗಳೂರಿನ ಕದ್ರಿ ಅಥವಾ ಕಣ್ಣೂರಿನಂಥ ದೂರದ ಕೇಂದ್ರದ ಅಂಕಿಯನ್ನು ಎತ್ತಿಕೊಳ್ಳುತ್ತವೆ, ಇಲ್ಲವೇ ಉಪಗ್ರಹದ ಮಾಹಿತಿಯಿಂದ ಅಂದಾಜು ಕಟ್ಟುತ್ತವೆ. ಜೊತೆಗೆ ನಮ್ಮ ದೇಶದ ವಾಯು ಗುಣಮಟ್ಟ ಸೂಚ್ಯಂಕದಲ್ಲಿ ದೂಳಿನ ಲೆಕ್ಕ 24 ಗಂಟೆಗಳ ಸರಾಸರಿ. ಬೆಳಿಗ್ಗೆ ಆರರಿಂದ ಎಂಟರವರೆಗೆ ಆದದ್ದು ಉಳಿದ ಗಂಟೆಗಳಲ್ಲಿ ಕರಗಿಹೋಗುತ್ತದೆ. ಅಮೆರಿಕದ ಮಾಪನ ಬಳಸುವ ಆ್ಯಪ್‌ಗಳೂ ಇವೆ. ಅದೇ ಗಾಳಿಗೆ ನಮ್ಮ ಸೂಚ್ಯಂಕ 100 ಅಂದರೆ ಅವು 150ಕ್ಕಿಂತ ಮೇಲೆ ತೋರಿಸುತ್ತವೆ. ಹಾಗಾಗಿ ಎರಡು ಫೋನ್ ಹೋಲಿಸಿ ಜಗಳವಾಡುವುದರಲ್ಲಿ ಅರ್ಥವಿಲ್ಲ.

ಲೆಕ್ಕಕ್ಕಾಗಿ ಆ 70 ಸರಿಯೆಂದೇ ಒಪ್ಪಿಕೊಳ್ಳೋಣ. ಅದು ಪಿಎಂ 2.5ರಿಂದ, ಅಂದರೆ 2.5 ಮೈಕ್ರೋಮೀಟರಿಗಿಂತ ಸಣ್ಣ ಕಣಗಳಿಂದ ಬಂದ ಅಂಕಿಯಾದರೆ ಪ್ರತಿ ಘನ ಮೀಟರ್ ಗಾಳಿಯಲ್ಲಿ ಸುಮಾರು 42 ಮೈಕ್ರೋಗ್ರಾಂ ಕಣ ಇದೆಯೆಂದರ್ಥ. ದೇಶದ 2009ರ ಮಾನದಂಡ 24 ಗಂಟೆಗೆ 60. ವಿಶ್ವ ಆರೋಗ್ಯ ಸಂಸ್ಥೆಯ 2021ರ ಸಲಹೆ 15. ಹೊಗೆ ಹೋಗಲು ದಾರಿಯಿಲ್ಲದ ಕೋಣೆಯಲ್ಲಿ ಸೌದೆ ಉರಿಯುವಾಗ ಒಲೆಯ ಬುಡದಲ್ಲಿ ಈ ಪ್ರಮಾಣ ಸಾವಿರ ದಾಟುವುದು ಸಾಮಾನ್ಯ. ಹಸಿ ಸೌದೆಯಾದರೆ ಎರಡು ಸಾವಿರವೂ ಆಗುತ್ತದೆ. ಅತ್ತೆಯವರು ದಿನಕ್ಕೆ ಒಂದು ಗಂಟೆ ಅಲ್ಲಿ ಕೂತು ಮಡಲು ದೂಡುತ್ತಾ, ಊದುಕೊಳವೆಯಲ್ಲಿ ಊದುತ್ತಾ ಇದ್ದರೆ ಲೆಕ್ಕ ಹೀಗೆ: 23 ಗಂಟೆ 42ರಂತೆ, ಒಂದು ಗಂಟೆ 2,000ದಂತೆ. ಸರಾಸರಿ 124. ಆ್ಯಪ್‌ನ ಭಾಷೆಯಲ್ಲಿ ಅದು ‘ಅತ್ಯಂತ ಕಳಪೆ’ ವರ್ಗ. ಒಂದೇ ಮನೆಯಲ್ಲಿ ನೀವು ಉಸಿರಾಡುವ ಗಾಳಿ ‘ಸಮಾಧಾನಕರ’, ಅತ್ತೆಯವರದು ದೆಹಲಿಯ ಚಳಿಗಾಲದ್ದು. ಊದುವಾಗ ದೀರ್ಘವಾಗಿ ಉಸಿರೆಳೆಯಬೇಕಾಗುತ್ತದೆ ಎಂಬುದನ್ನು ಈ ಲೆಕ್ಕದಲ್ಲಿ ಸೇರಿಸಿಲ್ಲ.

ಇನ್ನು ಬೈಲಿನ ಬೆಳಗಿನ ಹೊಗೆ. ಮಳೆ ನಿಂತ ಮೇಲೆ, ಮುಖ್ಯವಾಗಿ ಡಿಸೆಂಬರ್‌ನಿಂದ ಫೆಬ್ರವರಿವರೆಗೆ, ಶುಭ್ರ ಆಕಾಶದ ರಾತ್ರಿಗಳಲ್ಲಿ ನೆಲ ಬೇಗ ತಣಿಯುತ್ತದೆ. ನೆಲಕ್ಕೆ ತಾಗಿದ ಗಾಳಿ ತಣ್ಣಗಾಗಿ ಭಾರವಾಗಿ ಗುಡ್ಡೆಯ ಇಳಿಜಾರಿನಲ್ಲಿ ಜಾರಿ ಬೈಲಿನಲ್ಲಿ ನಿಲ್ಲುತ್ತದೆ. ಅದರ ಮೇಲೆ ಬೆಚ್ಚಗಿನ ಗಾಳಿಯ ಪದರ. ತಣ್ಣನೆಯ ಗಾಳಿ ಮೇಲೇರದು, ಅದರೊಳಗೆ ಬಿಟ್ಟ ಹೊಗೆಯೂ ಮೇಲೇರದು. ಬಿಸಿಲು ನೆಲ ಕಾಯಿಸಿ, ಹತ್ತು ಹನ್ನೊಂದು ಗಂಟೆಯ ಹೊತ್ತಿಗೆ ಕಡಲಗಾಳಿ ಒಳನುಗ್ಗುವವರೆಗೆ ಇದೇ ಸ್ಥಿತಿ. ಗುಡ್ಡೆಯ ಮೇಲಿನ ಮನೆಯವರಿಗೆ ಈ ಹೊಗೆ ಕೆಳಗೆ ಬಿಳಿ ಹಾಸಿನಂತೆ ಕಾಣುತ್ತದೆ, ಮೂಗಿಗೆ ತಾಗುವುದಿಲ್ಲ. ಅಡಿಕೆ ತೋಟದ ಮನೆಗಳಿಗೆ ನೀರಿನ ಅನುಕೂಲದ ಜೊತೆಗೆ ಬಂದ ಅನನುಕೂಲ ಇದು.

ಎಷ್ಟು ಸೌದೆ ಸಾಕು ಒಂದು ಬೈಲು ಕೆಡಲು? ಸಾಧಾರಣ ಒಲೆಯಲ್ಲಿ ಒಂದು ಕಿಲೋ ಸೌದೆ 2ರಿಂದ 10 ಗ್ರಾಂ ಸೂಕ್ಷ್ಮಕಣ ಬಿಡುತ್ತದೆ. 4 ಗ್ರಾಂ ಎಂದಿಟ್ಟುಕೊಳ್ಳೋಣ. ಅದನ್ನು 60 ಮೈಕ್ರೋಗ್ರಾಂ ಮಟ್ಟಕ್ಕೆ ತೆಳುವಾಗಿಸಲು 66,000 ಘನ ಮೀಟರಿಗೂ ಹೆಚ್ಚು ಗಾಳಿ ಬೇಕು. 200 ಮೀಟರ್ ಉದ್ದ, 50 ಮೀಟರ್ ಅಗಲದ ಬೈಲಿನಲ್ಲಿ ತಣ್ಣನೆಯ ಗಾಳಿ ಏಳು ಮೀಟರ್ ಎತ್ತರಕ್ಕೆ ನಿಂತಿದ್ದರೆ ಅದರ ಒಟ್ಟು ಗಾತ್ರ 70,000 ಘನ ಮೀಟರ್. ಗಾಳಿ ಪೂರ್ತಿ ಕದಲದೆ ನಿಂತ ಹೊತ್ತಿನಲ್ಲಿ ಒಂದೇ ಕಿಲೋ ಸೌದೆ ಆ ಬೈಲನ್ನು ಮಾನದಂಡದ ಅಂಚಿಗೆ ತಂದು ನಿಲ್ಲಿಸುತ್ತದೆ. ಆರು ಮನೆಗಳ ಬಚ್ಚಲು ಏಕಕಾಲಕ್ಕೆ ಹೊತ್ತಿದರೆ ಏನಾಗುತ್ತದೆಂದು ಬೇರೆ ಹೇಳಬೇಕಾಗಿಲ್ಲ.

ಬಚ್ಚಲಿನ ಮೇಲೆ ಸುಡುಮಣ್ಣಿನ ರಾಶಿ ಸೇರುತ್ತದೆ. ಇದು ಇದೇ ತಿಂಗಳುಗಳ ಕೆಲಸ. ತರಗೆಲೆ, ಸೊಪ್ಪು, ಕಸಕಡ್ಡಿ ಒಟ್ಟಿ, ಮೇಲೆ ಮಣ್ಣು ಮುಚ್ಚಿ, ಒಳಗೆ ಎರಡು ಮೂರು ದಿನ ಕನಕನ ಬೇಯಲು ಬಿಡುವುದು. ತರಕಾರಿ ಗಿಡಕ್ಕೆ ಅದರಿಂದ ಆಗುವ ಉಪಕಾರ ಸುಳ್ಳಲ್ಲ: ಬೂದಿಯ ಪೊಟ್ಯಾಶ್ ಸಿಗುತ್ತದೆ, ಕಳೆಬೀಜ ಸಾಯುತ್ತದೆ. ಆದರೆ ಹೊಗೆಯ ದೃಷ್ಟಿಯಿಂದ ಇದಕ್ಕಿಂತ ಕೆಟ್ಟ ಉರಿ ಇಲ್ಲ. ಗಾಳಿಯಿಲ್ಲದೆ, ಜ್ವಾಲೆಯಿಲ್ಲದೆ, ಕಡಿಮೆ ತಾಪದಲ್ಲಿ ಬೇಯುವ ರಾಶಿ ಟಾರಿನ ಆವಿ, ಕಾರ್ಬನ್ ಮೊನಾಕ್ಸೈಡ್, ಸೂಕ್ಷ್ಮಕಣ ಎಲ್ಲವನ್ನೂ ಗರಿಷ್ಠ ಪ್ರಮಾಣದಲ್ಲಿ ಬಿಡುತ್ತದೆ, ಅದೂ ರಾತ್ರಿಯಿಡೀ. ಅಡಿಕೆ ಸಿಪ್ಪೆ, ಹಸಿ ತೆಂಗಿನ ಸಿಪ್ಪೆ ರಾಶಿ ಹಾಕಿ ಬೆಂಕಿ ಕೊಡುವುದೂ, ಸೊಳ್ಳೆ ಓಡಿಸಲು ಹಟ್ಟಿಯಲ್ಲಿ ಹೊಗೆ ಹಾಕುವುದೂ ಇದೇ ಜಾತಿ.

ಬದಲಿ ಇದೆ. ತರಗೆಲೆ ಅಡಿಕೆ ಬುಡಕ್ಕೆ ಹೊದಿಕೆಯಾಗಲಿ. ಸುಡುವುದಕ್ಕಿಂತ ತೋಟಕ್ಕೆ ಅದೇ ಲಾಭ, ಸುಟ್ಟರೆ ಸಾರಜನಕವೆಲ್ಲ ಹೊಗೆಯಲ್ಲಿ ಹೋಗುತ್ತದೆ. ಸುಟ್ಟದ್ದೇ ಬೇಕೆಂದಿದ್ದರೆ ಮಧ್ಯಾಹ್ನ ಗಾಳಿ ಬೀಸುವಾಗ ಗುಂಡಿ ವಿಧಾನದಲ್ಲಿ ಇದ್ದಿಲು ಮಾಡಿ. ಮೇಲೆ ಒಂದೂವರೆ ಮೀಟರ್ ಅಗಲ, ಮುಕ್ಕಾಲು ಮೀಟರ್ ಆಳ, ಕೆಳಗೆ ಕಿರಿದಾಗುವ ಗುಂಡಿ. ಚೆನ್ನಾಗಿ ಒಣಗಿದ ಮಡಲು, ಸೋಗೆ, ಕಡ್ಡಿ ಮಾತ್ರ. ತಳದಲ್ಲಿ ಜೋರಾಗಿ ಹೊತ್ತಿಸಿ, ಮೇಲ್ಪದರ ಬೂದಿ ಬಣ್ಣಕ್ಕೆ ತಿರುಗುತ್ತಿದ್ದಂತೆ ಮುಂದಿನ ತೆಳು ಪದರ ಹಾಕಿ. ಮೇಲೆ ಸದಾ ಜ್ವಾಲೆ ಇರಬೇಕು. ಕೆಳಗಿನಿಂದ ಏಳುವ ಹೊಗೆ ಆ ಜ್ವಾಲೆಯಲ್ಲೇ ಉರಿದುಹೋಗುತ್ತದೆ. ಬಿಳಿ ಹೊಗೆ ಕಂಡರೆ ಒಮ್ಮೆಗೇ ಹೆಚ್ಚು ತುಂಬಿಸಿದ್ದೀರಿ ಅಥವಾ ಸಾಮಗ್ರಿ ಹಸಿಯಿದೆ. ಗುಂಡಿ ತುಂಬಿದ ಮೇಲೆ ನೀರು ಹೊಯ್ದು ಪೂರ್ತಿ ನಂದಿಸಿ. ಇಲ್ಲದಿದ್ದರೆ ಬೆಳಗಾಗುವಾಗ ಇದ್ದಿಲಿನ ಬದಲು ಬೂದಿ ಇರುತ್ತದೆ. ಈ ಇದ್ದಿಲನ್ನು ಸೆಗಣಿಗೊಬ್ಬರದೊಂದಿಗೆ ಬೆರೆಸಿ ಹಾಕಿದರೆ ಸುಡುಮಣ್ಣಿಗಿಂತ ಹೆಚ್ಚು ಕಾಲ ಮಣ್ಣಿನಲ್ಲಿ ಉಳಿಯುತ್ತದೆ.

ಎಲ್ಲ ಮಬ್ಬೂ ನಿಮ್ಮೂರಿನದ್ದೇ ಅಲ್ಲ. ಚಳಿಗಾಲದಲ್ಲಿ ಈಶಾನ್ಯದ ಗಾಳಿ ಘಟ್ಟದಾಚೆಯ ಹೊಗೆಯನ್ನೂ ತರುತ್ತದೆ. 1999ರ ಜನವರಿಯಿಂದ ಮಾರ್ಚ್‌ವರೆಗೆ ಇಂಡೋಎಕ್ಸ್ ಎಂಬ ಅಂತರರಾಷ್ಟ್ರೀಯ ಅಧ್ಯಯನ ನಡೆಸಿದ ವಿಜ್ಞಾನಿಗಳು ಅರಬ್ಬಿ ಸಮುದ್ರದ ಮೇಲೆಯೇ ಕಂದು ಮಬ್ಬಿನ ದಪ್ಪ ಪದರ ಕಂಡಿದ್ದರು. ಆ ಪಾಲಿನ ಮೇಲೆ ನಿಮ್ಮ ಕೈ ಸಾಗದು. ಅದು ಬೆಳಿಗ್ಗೆ ಬಂದು ಹತ್ತು ಗಂಟೆಗೆ ಹೋಗುವುದೂ ಇಲ್ಲ, ದಿನವಿಡೀ ಇರುತ್ತದೆ. ಬೆಳಿಗ್ಗೆ ಮಾತ್ರ ಕಾಣುವ ಹೊಗೆ ಊರಿನದು.

ಕ್ರಷರ್‌ಗೆ ಬರೋಣ. ದೂಳು ಎಷ್ಟು ದೂರ ಸಾಗುತ್ತದೆ ಎಂಬುದು ಕಣದ ಗಾತ್ರಕ್ಕೆ ಬಿಟ್ಟದ್ದು. ಹತ್ತು ಮೀಟರ್ ಎತ್ತರದಿಂದ ಹೊರಟ, ಕಣ್ಣಿಗೆ ಕಾಣುವ 100 ಮೈಕ್ರೋಮೀಟರಿನ ಕಲ್ಲಿನ ಪುಡಿ ಅರ್ಧ ನಿಮಿಷದೊಳಗೆ ನೆಲಕ್ಕೆ ಬೀಳುತ್ತದೆ. ಸಾಧಾರಣ ಗಾಳಿಯಲ್ಲಿ ನೂರು ಮೀಟರ್ ಕೂಡ ದಾಟುವುದಿಲ್ಲ. 10 ಮೈಕ್ರೋಮೀಟರಿನದ್ದು ಇಳಿಯಲು ಇಪ್ಪತ್ತು ನಿಮಿಷ ತೆಗೆದುಕೊಳ್ಳುತ್ತದೆ, ಅಷ್ಟರಲ್ಲಿ ಎರಡು ಕಿಲೋಮೀಟರ್ ಬರಬಲ್ಲದು. 2.5ರದ್ದಕ್ಕೆ ಐದು ಗಂಟೆಗೂ ಹೆಚ್ಚು ಬೇಕು. ಅಂದರೆ ಒಂದೂವರೆ ಕಿಲೋಮೀಟರ್ ದೂರದ ನಿಮ್ಮ ಜಗಲಿಯಲ್ಲಿ ಬೆರಳಿಗೆ ಹತ್ತುವ ಒರಟು ದೂಳು ಕ್ರಷರಿನ ಬಾಯಿಂದ ಹಾರಿ ಬಂದದ್ದಲ್ಲ. ಟಿಪ್ಪರ್‌ಗಳು ನಿಮ್ಮ ಗೇಟಿನ ಮುಂದೆ ಎಬ್ಬಿಸಿದ್ದು, ಲೋಡಿನಿಂದ ಉದುರಿಸಿದ್ದು. ಗುಡ್ಡೆಯಿಂದ ಬರುವುದು ಕಾಣದ ಪಾಲು, ಅದೂ ಪಶ್ಚಿಮದಿಂದ ಕಡಲಗಾಳಿ ಬೀಸುವ ಮಧ್ಯಾಹ್ನದ ಮೇಲೆ. ಬೆಳಿಗ್ಗೆ ಗಾಳಿ ಘಟ್ಟದ ಕಡೆಯಿಂದ ಕಡಲಿಗೆ ಸಾಗುವುದರಿಂದ ಆ ಹೊತ್ತಿನ ಹೊಗೆಗೆ ಪಶ್ಚಿಮದ ಕ್ರಷರ್ ಹೊಣೆಯಲ್ಲ.

ಕಾಣದ ಪಾಲನ್ನು ಹಗುರವಾಗಿ ಕಾಣಬೇಡಿ. ಕರಿಕಲ್ಲು ಪುಡಿಯಾದಾಗ ಅದರಲ್ಲಿರುವ ಸ್ಫಟಿಕ ಸಿಲಿಕಾ ಗಾಳಿಗೆ ಸೇರುತ್ತದೆ. ವರ್ಷಗಟ್ಟಲೆ ಅದನ್ನು ಉಸಿರಾಡಿದ ಕೆಲಸಗಾರರಿಗೆ ಸಿಲಿಕೋಸಿಸ್ ಎಂಬ ಶ್ವಾಸಕೋಶದ ಕಾಯಿಲೆ ಬರುತ್ತದೆ, ಅದಕ್ಕೆ ಮದ್ದಿಲ್ಲ. ಕೆಂಪುಕಲ್ಲಿನ ಕೋರೆಯ ದೂಳು ಬಹುಪಾಲು ಕಬ್ಬಿಣ ಮತ್ತು ಅಲ್ಯುಮಿನಿಯಂನ ಆಕ್ಸೈಡ್. ಬಟ್ಟೆ ಕೆಂಪಾಗುತ್ತದೆ, ಕೆಮ್ಮು ಬರುತ್ತದೆ, ಆದರೆ ಸಿಲಿಕಾದಷ್ಟು ಘಾತಕವಲ್ಲ. ನೋಡಲು ಭಯ ಹುಟ್ಟಿಸುವುದು ಕೆಂಪು ದೂಳು, ಭಯಪಡಬೇಕಾದದ್ದು ಬೂದು ಬಣ್ಣದ್ದಕ್ಕೆ.

ಯಾವುದರ ಪಾಲು ಎಷ್ಟೆಂದು ಮನೆಯಲ್ಲೇ ಅಂದಾಜು ಮಾಡಬಹುದು. ನಾಲ್ಕು ಬಿಳಿ ಟೈಲ್ಸ್ ತುಂಡು ಅಥವಾ ಬಿಳಿ ಪಿಂಗಾಣಿ ತಟ್ಟೆ ತೆಗೆದುಕೊಂಡು ತೆಳುವಾಗಿ ವ್ಯಾಸಲೀನ್ ಸವರಿ. ಒಂದು ಗೇಟಿನ ಬಳಿ, ಒಂದು ಜಗಲಿಯಲ್ಲಿ, ಒಂದು ಬಚ್ಚಲಿನ ಹೊರಗೆ, ಒಂದು ಅತ್ತೆಯವರು ಮಲಗುವ ಕೋಣೆಯಲ್ಲಿ. ಸಂಜೆ ಆರರಿಂದ ಬೆಳಿಗ್ಗೆ ಒಂಬತ್ತರವರೆಗೆ ಒಂದು ಸರದಿ, ಬೆಳಿಗ್ಗೆ ಒಂಬತ್ತರಿಂದ ಸಂಜೆ ಆರರವರೆಗೆ ಬೇರೆ ತಟ್ಟೆಗಳ ಇನ್ನೊಂದು ಸರದಿ. ಕ್ರಷರ್ ಓಡುವ ದಿನ ಒಮ್ಮೆ, ರಜೆಯ ದಿನ ಒಮ್ಮೆ. ಭೂತಗನ್ನಡಿಯಲ್ಲಿ ನೋಡಿ. ಉಜ್ಜಿದರೆ ಗರಗರ ಎನ್ನುವ ಬೂದು ಕಣ ಜಲ್ಲಿಯದು. ಕೆಂಪು ಪುಡಿ ರಸ್ತೆಯದು ಅಥವಾ ಕೆಂಪುಕಲ್ಲಿನದು. ಎಣ್ಣೆಯಂತೆ ಜಾರುವ ಕಪ್ಪು ಮಸಿ ಹೊಗೆಯದು. ಕೋಣೆಯ ತಟ್ಟೆಯಲ್ಲಿ ರಾತ್ರಿಯ ಸರದಿಗೆ ಕಪ್ಪು ಹೆಚ್ಚಿದ್ದರೆ ಉತ್ತರ ಸಿಕ್ಕಿತು. ತಟ್ಟೆಗೆ ಬೀಳುವುದು ದೊಡ್ಡ ಕಣಗಳೇ ಆದ್ದರಿಂದ ಈ ಪರೀಕ್ಷೆ ರಸ್ತೆಯ ದೂಳಿನ ಪರವಾಗಿ ವಾಲುತ್ತದೆ. ಅದರಲ್ಲೂ ಮಸಿ ಕಂಡರೆ ಒಲೆಯ ಪಾಲು ನಿಜಕ್ಕೂ ದೊಡ್ಡದು.

ಈ ತಟ್ಟೆಗಳ ಫೋಟೋ ದೂರಿಗೂ ಆಧಾರ. ‘ಕ್ರಷರ್‌ನಿಂದ ತುಂಬ ತೊಂದರೆ’ ಎಂದು ಬರೆದ ಅರ್ಜಿಯ ಮೇಲೆ ಯಾರಿಗೂ ಏನೂ ಮಾಡಲಾಗುವುದಿಲ್ಲ. ಜಲ್ಲಿ ಘಟಕಗಳಿಗೆ ಕೇಂದ್ರದ ನಿಯಮವೇ ಇದೆ: ಯಂತ್ರದಿಂದ 3ರಿಂದ 10 ಮೀಟರ್ ದೂರದಲ್ಲಿ ಅಳೆದರೆ ತೇಲುವ ದೂಳು ಘನ ಮೀಟರಿಗೆ 600 ಮೈಕ್ರೋಗ್ರಾಂ ಮೀರಬಾರದು, ಯಂತ್ರಕ್ಕೆ ದೂಳು ತಡೆಯುವ ಹೊದಿಕೆ ಮತ್ತು ನೀರು ಸಿಂಪಡಿಸುವ ವ್ಯವಸ್ಥೆ, ಗಾಳಿ ತಡೆಗೋಡೆ, ಆವರಣದೊಳಗೆ ಗಟ್ಟಿ ರಸ್ತೆ, ಸುತ್ತ ಮರಗಳ ಸಾಲು ಇರಬೇಕು. 1981ರ ವಾಯು ಕಾಯ್ದೆಯ ಪ್ರಕಾರ ಘಟಕಕ್ಕೆ ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿಪತ್ರ ಬೇಕು, ಅದರಲ್ಲಿ ಷರತ್ತುಗಳಿರುತ್ತವೆ. ಮಾಹಿತಿ ಹಕ್ಕಿನಲ್ಲಿ ಅದರ ಪ್ರತಿ ತರಿಸಿ, ಯಾವ ಷರತ್ತು ಯಾವ ದಿನ ಎಷ್ಟು ಗಂಟೆಗೆ ಮುರಿಯಿತು ಎಂದು ಬರೆಯಿರಿ. ನೀರು ಸಿಂಪಡಿಸದೆ ಯಂತ್ರ ಓಡಿದ ವಿಡಿಯೋ, ಟಾರ್ಪಾಲು ಹೊದೆಸದ ಟಿಪ್ಪರಿನ ಫೋಟೋ ಲಗತ್ತಿಸಿ. ಒಂದು ಪ್ರತಿ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಜಿಲ್ಲಾ ಕಚೇರಿಗೆ, ಒಂದು ಪಂಚಾಯತ್ ಕಾರ್ಯದರ್ಶಿಗೆ. ರಸ್ತೆಯ ವಿಷಯವನ್ನು ಬೇರೆಯಾಗಿ ಕೇಳಿ: ಮನೆಗಳಿರುವ ಭಾಗಕ್ಕೆ ಡಾಮರು ಅಥವಾ ಕಾಂಕ್ರೀಟು, ಅದಾಗುವವರೆಗೆ ಬೇಸಗೆಯಲ್ಲಿ ದಿನಕ್ಕೆ ಹಲವು ಸಲ ನೀರು, ವೇಗಕ್ಕೆ ಮಿತಿ. ಮಣ್ಣುರಸ್ತೆಯಲ್ಲಿ ವೇಗ ಅರ್ಧಕ್ಕೆ ಇಳಿದರೆ ದೂಳೂ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ರಸ್ತೆಗೆ ಹಂಪ್ (ವೇಗತಡೆ) ಹಾಕುವ ಖರ್ಚಿನಲ್ಲೇ ಆಗುವ ಕೆಲಸ.

ಈಗ ನಿಮ್ಮ ಕೈಯಲ್ಲೇ ಇರುವುದು, ಬಚ್ಚಲು. ಹೊಗೆಯೆಂದರೆ ಉರಿಯದೆ ಉಳಿದ ಸೌದೆಯೇ. ಕಟ್ಟಿಗೆ ಬಿಸಿಯಾದಾಗ ಮೊದಲು ನೀರು ಆರುತ್ತದೆ. 200–250 ಡಿಗ್ರಿಯ ಮೇಲೆ ಅದರಿಂದ ಅನಿಲ ಹೊರಡುತ್ತದೆ. ಆ ಅನಿಲಕ್ಕೆ ಸಾಕಷ್ಟು ಗಾಳಿ ಮತ್ತು 600 ಡಿಗ್ರಿಯ ಮೇಲಿನ ತಾಪ ಎರಡೂ ಸಿಕ್ಕಿದರೆ ಜ್ವಾಲೆ, ಸಿಗದಿದ್ದರೆ ಹೊಗೆ. ಹಸಿ ಸೌದೆಯಲ್ಲಿ ಅರ್ಧ ಭಾಗ ನೀರೇ ಇರಬಹುದು. ಅದನ್ನು ಆವಿ ಮಾಡಲು ಹೋಗುವ ಶಾಖ ಲೆಕ್ಕದಲ್ಲಿ ಏಳನೇ ಒಂದು ಪಾಲು ಮಾತ್ರ. ನಿಜವಾದ ನಷ್ಟ ಒಲೆಯೊಳಗಿನ ತಾಪ ಇಳಿದು ಅನಿಲ ಹೊತ್ತಿಕೊಳ್ಳದೆ ಹೋಗುವುದು. ಹಂಡೆಯ ಬುಡ ಬೆಂಕಿಗೆ ತೀರಾ ಹತ್ತಿರವಿದ್ದರೂ ಇದೇ ಗತಿ: ನೀರು ತುಂಬಿದ ತಾಮ್ರ ನೂರು ಡಿಗ್ರಿ ದಾಟದು, ಜ್ವಾಲೆ ಅದಕ್ಕೆ ತಾಗಿದಲ್ಲೇ ತಣಿದು ಮಸಿಯಾಗಿ ಅಂಟುತ್ತದೆ.

ಹಾಗಾಗಿ ಮೊದಲ ಕೆಲಸ ಒಣ ಸೌದೆ. ಜನವರಿ ಫೆಬ್ರವರಿಯಲ್ಲಿ ಕಡಿದು, ಮಣಿಕಟ್ಟಿನ ದಪ್ಪಕ್ಕೆ ಸೀಳಿ, ನೆಲದಿಂದ ಅರ್ಧ ಅಡಿ ಎತ್ತರದಲ್ಲಿ, ನಡುವೆ ಗಾಳಿಯಾಡುವಂತೆ ಅಟ್ಟಿ ಕಟ್ಟಿ. ಮೇಲೆ ಮಾಡು ಬೇಕು, ಬದಿ ತೆರೆದಿರಬೇಕು. ಟಾರ್ಪಾಲಿನಲ್ಲಿ ಸುತ್ತಿಟ್ಟರೆ ಬೂಸ್ಟು ಬರುತ್ತದೆ, ಒಣಗುವುದಿಲ್ಲ. ತೇವ 20 ಶೇಕಡಕ್ಕೆ ಇಳಿಯಬೇಕು. ಅಷ್ಟಾಗಿದ್ದರೆ ಎರಡು ತುಂಡು ಬಡಿದಾಗ ಟಣ್ ಎನ್ನುತ್ತದೆ, ತುದಿಯಲ್ಲಿ ಬಿರುಕಿರುತ್ತದೆ, ಉರಿಯುವಾಗ ಇನ್ನೊಂದು ತುದಿಯಲ್ಲಿ ನೊರೆ ಬರುವುದಿಲ್ಲ. ತೆಂಗಿನ ಗೆರಟೆ ಒಳ್ಳೆಯ ಉರುವಲು, ಮಡಲಿನ ದಂಡು ಪರವಾಗಿಲ್ಲ, ಸಿಪ್ಪೆ ಬೇಡ. ಹೊತ್ತಿಸಲು ಒಣ ಸೋಗೆ, ತೆಂಗಿನ ಕೊತ್ತಳಿಗೆ ಸಾಕು. ಹಾಲಿನ ತೊಟ್ಟೆಯನ್ನು ಒಲೆಗೆ ತೋರಿಸುವ ಅಭ್ಯಾಸ ಇದ್ದರೆ ಇಂದೇ ನಿಲ್ಲಲಿ. ಪಿವಿಸಿ ಸೇರಿದ ಪ್ಲಾಸ್ಟಿಕ್ ಉರಿದರೆ ಹೈಡ್ರೋಕ್ಲೋರಿಕ್ ಆಮ್ಲದ ಆವಿ ಮತ್ತು ಡಯಾಕ್ಸಿನ್ ಏಳುತ್ತವೆ. ಡಯಾಕ್ಸಿನ್ ನಾಶವಾಗಲು 850 ಡಿಗ್ರಿಯಲ್ಲಿ ಎರಡು ಸೆಕೆಂಡು ನಿಲ್ಲಬೇಕು, ಅದು ದೊಡ್ಡ ಭಸ್ಮಯಂತ್ರಗಳ ಕೆಲಸ. ತೊಟ್ಟೆ ತೊಳೆದು ಒಣಗಿಸಿ ಮನೆಮನೆಯಿಂದ ಪ್ಲಾಸ್ಟಿಕ್ ಒಯ್ಯುವ ಹರಿತ ಕರ್ಮ ಸೇನೆಯವರ ಚೀಲಕ್ಕೆ ಹಾಕಿ. ತಿಂಗಳ ಶುಲ್ಕ ಹೇಗೂ ಕೊಡುತ್ತೀರಲ್ಲ.

ಎರಡನೆಯದು ಒಲೆಯ ಒಳಗು. ನೆಲದ ಮೇಲೆ ಸೌದೆ ಒಟ್ಟಿದರೆ ಗಾಳಿ ಕೆಳಗಿನಿಂದ ಹೋಗುವುದಿಲ್ಲ. ನಾಲ್ಕು ಇಂಚು ಎತ್ತರದಲ್ಲಿ ಕಬ್ಬಿಣದ ಸರಳಿನ ತುರಿ ಕೂರಿಸಿ, ಬೂದಿ ಕೆಳಗೆ ಬೀಳಲಿ, ಗಾಳಿ ಅದೇ ದಾರಿಯಲ್ಲಿ ಮೇಲೇರಲಿ. ಬೂದಿ ದಿನಾ ತೆಗೆಯಬೇಕು. ಹಂಡೆಯ ಬುಡಕ್ಕೂ ತುರಿಗೂ ಒಂದು ಗೇಣು ಅಂತರ; ಹಂಡೆಯ ಬದಿಗೂ ಒಲೆಯ ಗೋಡೆಗೂ ಒಂದೆರಡು ಸೆಂಟಿಮೀಟರ್ ಮಾತ್ರ, ಬಿಸಿ ಅನಿಲ ಬದಿಗೆ ಉಜ್ಜಿಕೊಂಡು ಹೋಗುವಂತೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ‘ಅಸ್ತ್ರ’ ತಂಡ ರೂಪಿಸಿದ ಒಲೆಗಳ ಹಿಂದಿನ ತತ್ವವೂ ಇದೇ. ಐದು ಜನರ ಸ್ನಾನಕ್ಕೆ 200 ಲೀಟರ್ ನೀರನ್ನು 27ರಿಂದ 42 ಡಿಗ್ರಿಗೆ ಏರಿಸಲು ಸುಮಾರು 12.6 ಮೆಗಾಜೌಲ್ ಶಾಖ ಬೇಕು. ಶೇಕಡ 15 ದಕ್ಷತೆಯ ತೆರೆದ ಒಲೆಯಲ್ಲಿ ಅದಕ್ಕೆ ಐದೂವರೆ ಕಿಲೋ ಒಣ ಸೌದೆ, 30 ದಕ್ಷತೆಯ ಒಲೆಯಲ್ಲಿ ಮೂರು ಕಿಲೋದೊಳಗೆ. ಹೊಗೆ ಅರ್ಧವಾಗಲು ಇಷ್ಟು ಸಾಕು.

ಮೂರನೆಯದು ಹೊಗೆ ಕೊಳವೆ. ಹಂಚಿನ ಮಾಡಿನ ಬಚ್ಚಲಲ್ಲಿ ಹೊಗೆ ಹಂಚಿನ ಸಂದಿಯಿಂದ ತಾನಾಗಿ ಹೋಗುತ್ತಿತ್ತು, ಅಟ್ಟದಲ್ಲಿಟ್ಟ ವಸ್ತುವನ್ನೂ ಕಾಯುತ್ತಿತ್ತು. ಮನೆಗೆ ತಾರಸಿ ಬಂತು, ಒಲೆ ಅಲ್ಲೇ ಉಳಿಯಿತು. ಈಗ ಹೊಗೆಗೆ ಇರುವುದು ಬಾಗಿಲು ಮಾತ್ರ, ಬಾಗಿಲಿನಲ್ಲಿ ಕೂರುವುದು ಮನುಷ್ಯರು. ಗೋಡೆಯ ಮೂಲೆಯಲ್ಲಿ ಇಲ್ಲಣ (ಮಸಿ ಹಿಡಿದ ಬಲೆ) ಜೋತಿದ್ದರೆ ನಿಮ್ಮದೂ ಅದೇ ಕಥೆ. ನಾಲ್ಕು ಐದು ಇಂಚು ಅಗಲದ ಕೊಳವೆ ಒಲೆಯ ಬಾಯಿಗೆ ಎದುರಾಗಿ, ಒಲೆಯ ಮೇಲ್ಭಾಗದಿಂದ ಹೊರಡಬೇಕು. ನೇರ ಮೇಲೆ, ತಿರುವು ಅನಿವಾರ್ಯವಾದರೆ ಓರೆಯಾಗಿ, 90 ಡಿಗ್ರಿಯ ಮೊಣಕೈ ಬೇಡ. ಮಾಡು ತೂರಿದ ಜಾಗದಿಂದ ಮೂರು ಅಡಿ ಮೇಲೆ, ಸುತ್ತ ಹತ್ತು ಅಡಿಯೊಳಗಿನ ಯಾವುದೇ ಮಾಡಿನ ತುದಿಗಿಂತ ಎರಡು ಅಡಿ ಮೇಲೆ ಇರಬೇಕು. ಇದಕ್ಕಿಂತ ಗಿಡ್ಡವಾದರೆ ಮಾಡಿನ ಮೇಲಿಂದ ಇಳಿಯುವ ಗಾಳಿ ಹೊಗೆಯನ್ನು ವಾಪಸು ದೂಡುತ್ತದೆ. ಮರದ ಪಕ್ಕಾಸಿಗೆ ತಾಗದಂತೆ ಅರ್ಧ ಅಡಿ ಬಿಡಿ, ಬೆಂಕಿ ಹಿಡಿದ ಉದಾಹರಣೆಗಳಿವೆ. ಬುಡದಲ್ಲಿ ಮಸಿ ತೆಗೆಯಲು ಒಂದು ಬಾಗಿಲು, ತುದಿಯಲ್ಲಿ ಮಳೆಗೆ ಟೋಪಿ.

ಕೊಳವೆ ಹಾಕಿಯೂ ಹೊಗೆ ಬಾಯಿಂದಲೇ ಬರುತ್ತದೆಂದು ದೂರುವವರು ಬಹಳ. ಮೂರು ಕಾರಣಗಳಲ್ಲಿ ಒಂದಿರುತ್ತದೆ. ಕೊಳವೆ ತಣ್ಣಗಿದೆ: ಒಲೆ ಹೊತ್ತಿಸುವ ಮೊದಲು ಬುಡದ ಬಾಗಿಲಲ್ಲಿ ಒಂದು ಹಿಡಿ ಒಣ ಸೋಗೆ ಉರಿಸಿ, ಸೆಳೆತ ಶುರುವಾಗುತ್ತದೆ. ಬಾಯಿ ಅತಿ ದೊಡ್ಡದು: ಸೌದೆ ಹೋಗುವಷ್ಟು ಬಿಟ್ಟು ಉಳಿದದ್ದನ್ನು ತಗಡಿನಿಂದ ಮುಚ್ಚಿ. ಅಥವಾ ತಿಂಗಳಿಂದ ಮಸಿ ಬಡಿದಿಲ್ಲ. ಒಳಗೆ ಅಂಟಿದ್ದು ಒಣ ಪುಡಿಯಲ್ಲದೆ ಹೊಳೆಯುವ ಟಾರಾಗಿದ್ದರೆ ಸೌದೆ ಹಸಿಯಿದೆ ಎಂದರ್ಥ. ನೆನಪಿರಲಿ, ಕೊಳವೆ ಹೊಗೆಯನ್ನು ಅತ್ತೆಯವರ ಮುಖದಿಂದ ದೂರ ಮಾಡುತ್ತದೆ, ಬೈಲಿನಿಂದಲ್ಲ.

ಬೈಲಿಗೂ ಪರಿಹಾರ ಬೇಕಾದರೆ ಸೋಲಾರ್ ನೀರು ಕಾಯಿಸುವ ವ್ಯವಸ್ಥೆ ಯೋಚಿಸಿ. ನಮ್ಮ ಮಳೆಗೆ ಅದು ನಡೆಯುವುದಿಲ್ಲ ಎಂಬ ಮಾತಿನಲ್ಲಿ ಅರ್ಧ ಸತ್ಯವಿದೆ: ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸೌದೆ ಬೇಕೇ ಆಗುತ್ತದೆ. ಆದರೆ ಬೈಲಿನಲ್ಲಿ ಹೊಗೆ ನಿಲ್ಲುವ ಡಿಸೆಂಬರ್ ಫೆಬ್ರವರಿಯೇ ಆಕಾಶ ಶುಭ್ರವಿರುವ ಕಾಲ, ಆಗ ಸೋಲಾರ್ ಪೂರ್ತಿ ಕೆಲಸ ಮಾಡುತ್ತದೆ. ಗೋಬರ್ ಗ್ಯಾಸ್ ಆದೀತು, ಎರಡು ಘನ ಮೀಟರಿನ ಘಟಕಕ್ಕೆ ದಿನಕ್ಕೆ 50 ಕಿಲೋ ಸೆಗಣಿ ಬೇಕು. ಹಟ್ಟಿಯಲ್ಲಿರುವುದು ಕಾಸರಗೋಡು ಗಿಡ್ಡ ತಳಿಯ ಎರಡು ಸಣ್ಣ ಹಸುಗಳಾದರೆ ಆಗದ ಮಾತು. ಗ್ಯಾಸ್ ಗೀಸರ್ ಹಾಕುವುದಾದರೆ ಕಡ್ಡಾಯವಾಗಿ ಸ್ನಾನದ ಕೋಣೆಯ ಹೊರಗೆ. ಒಂದು ಕಿಲೋ ಗ್ಯಾಸ್ ಉರಿಯಲು ಸುಮಾರು 12 ಘನ ಮೀಟರ್ ಗಾಳಿ ಬೇಕು, ಸಣ್ಣ ಬಚ್ಚಲಿನಲ್ಲಿರುವುದು ಏಳೆಂಟು. ಬಾಗಿಲು ಮುಚ್ಚಿದ ಕೋಣೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಏರಿದರೆ ವಾಸನೆಯಿಲ್ಲ, ಕೆಮ್ಮಿಲ್ಲ; ತಲೆ ತಿರುಗಿ ಬಿದ್ದ ಮೇಲೆಯೇ ಗೊತ್ತಾಗುವುದು.

ಕುಚ್ಚಲಕ್ಕಿಗೆ ಒಂದು ಗಂಟೆಯ ಉರಿ ಬೇಡ. ಗ್ಯಾಸಿನಲ್ಲಿ ಹದಿನೈದು ಇಪ್ಪತ್ತು ನಿಮಿಷ ಕೊತಕೊತ ಕುದಿಸಿ, ಪಾತ್ರೆ ಸಮೇತ ಥರ್ಮಲ್ ಕುಕ್ಕರಿನಲ್ಲಿ ಮುಚ್ಚಿಟ್ಟರೆ ಒಂದೆರಡು ಗಂಟೆಯಲ್ಲಿ ಅದರ ಶಾಖದಲ್ಲೇ ಬೇಯುತ್ತದೆ. ಕೇರಳದ ಅಂಗಡಿಗಳಲ್ಲಿ ಎಲ್ಲೆಡೆ ಸಿಗುವ ವಸ್ತು.

ಸಂಜೆ ಸೊಳ್ಳೆ ಕಾಯಿಲ್ ಹಚ್ಚುತ್ತೀರಾ? 2003ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಒಂದು ಕಾಯಿಲ್ ಪೂರ್ತಿ ಉರಿದಾಗ ಬಿಡುವ ಸೂಕ್ಷ್ಮಕಣ 75ರಿಂದ 137 ಸಿಗರೇಟಿನಷ್ಟಾಗಿತ್ತು. ಅತ್ತೆಯವರ ಕೋಣೆಗೆ ಸೊಳ್ಳೆಪರದೆ ಕಟ್ಟಿ.

ಅತ್ತೆಯವರಿಗೆ ಸ್ಪೈರೋಮೆಟ್ರಿ ಪರೀಕ್ಷೆ, ಅಂದರೆ ಊದಿಸಿ ಅಳೆಯುವುದು, ಆಗಿದೆಯೇ ಕೇಳಿ. ಎಕ್ಸ್-ರೇ ಮಾತ್ರ ನೋಡಿ ಸಿಒಪಿಡಿ ಎಂದು ನಿರ್ಧರಿಸಲಾಗದು, ಅಸ್ತಮಾ ಇದ್ದರೆ ಚಿಕಿತ್ಸೆಯೇ ಬೇರೆ. ಡಾಕ್ಟರು ಕೊಟ್ಟ ಇನ್‌ಹೇಲರ್ ಬಿಡಿಸಬೇಡಿ. ಶ್ವಾಸಕೋಶದ ಹಾಳಾದ ಪಾಲು ಮರಳದು, ಆದರೆ ಹೊಗೆ ನಿಂತರೆ ಅದರ ಶಕ್ತಿ ಇಳಿಯುವ ವೇಗ ಕಡಿಮೆಯಾಗುತ್ತದೆ, ಕಫ ಕೆಮ್ಮು ಹಗುರಾಗುತ್ತದೆ. ಬೆಂಕಿ ಹಚ್ಚುವ ಕೆಲಸ ಮನೆಯ ಬೇರೆಯವರು ವಹಿಸಿಕೊಳ್ಳಲಿ, ಗಂಡಸರಾದರೂ ಸರಿ. ಬೆಳಗಿನ ನಡಿಗೆ ಹತ್ತು ಗಂಟೆಯ ಮೇಲಕ್ಕೆ ಹೋಗಲಿ. ಎನ್95 ಮಾಸ್ಕ್ ದೂಳಿನ ಕೆಲಸಕ್ಕೆ ಒಳ್ಳೆಯದು, ಆದರೆ ದಮ್ಮಿರುವವರಿಗೆ ಅದರಲ್ಲಿ ಉಸಿರೆಳೆಯುವುದೇ ಕಷ್ಟ. ಅನಿಲಗಳನ್ನಂತೂ ಅದು ತಡೆಯುವುದಿಲ್ಲ. ಬೈರಾಸು (ಟವೆಲ್) ಮುಖಕ್ಕೆ ಸುತ್ತಿಕೊಳ್ಳುವುದರಿಂದ ಸೂಕ್ಷ್ಮಕಣಕ್ಕೆ ಏನೂ ಆಗದು.

ಪ್ಯೂರಿಫೈಯರ್ ಈಗ ಬೇಡ. ಹನ್ನೆರಡು ಚದರ ಮೀಟರಿನ, ಮೂರು ಮೀಟರ್ ಎತ್ತರದ ಕೋಣೆಗೆ ಗಂಟೆಗೆ 180 ಘನ ಮೀಟರ್ ಗಾಳಿ ಶೋಧಿಸುವ ಯಂತ್ರ ಬೇಕು, ಕಿಟಕಿ ಬಾಗಿಲು ಮುಚ್ಚಿರಬೇಕು. ನಮ್ಮ ಸೆಕೆಯಲ್ಲಿ ಯಾರೂ ಹಾಗೆ ಮಲಗುವುದಿಲ್ಲ. ಹಂಚಿನ ಮಾಡಾದರೆ ಮುಚ್ಚುವುದೂ ಸಾಧ್ಯವಿಲ್ಲ. ಆ ದುಡ್ಡು ಕೊಳವೆಗೂ ಸೌದೆ ಕೊಟ್ಟಿಗೆಯ ಮಾಡಿಗೂ ಹೋಗಲಿ. ಉಳಿದರೆ ಎರಡು ಮೂರು ಸಾವಿರದ ಪಿಎಂ 2.5 ಅಳೆಯುವ ಪುಟ್ಟ ಯಂತ್ರ ಕೊಳ್ಳಬಹುದು. ಅದರ ಅಂಕಿಯನ್ನು ಅಕ್ಷರಶಃ ನಂಬಬೇಡಿ. ಬೆಳಕು ಚದುರಿಸಿ ಎಣಿಸುವ ಈ ಯಂತ್ರಗಳು ತೇವ 85 ಶೇಕಡ ಮೀರಿದಾಗ ನೀರು ಹೀರಿ ಊದಿದ ಕಣವನ್ನೂ ದೂಳೆಂದು ಲೆಕ್ಕಹಾಕಿ ಹೆಚ್ಚು ತೋರಿಸುತ್ತವೆ, ಮಂಜು ಬಿದ್ದ ಮುಂಜಾನೆ ಅಂತೂ ಇನ್ನೂ ಹೆಚ್ಚು. ಹೋಲಿಕೆಗೆ ಮಾತ್ರ ಬಳಸಿ: ಒಲೆಯ ಬುಡದಲ್ಲಿ ಎಷ್ಟು, ಹಾಸಿಗೆಯ ಪಕ್ಕ ಎಷ್ಟು, ಕೊಳವೆ ಹಾಕುವ ಮೊದಲು ಎಷ್ಟು, ಹಾಕಿದ ಮೇಲೆ ಅದೇ ಹೊತ್ತಿಗೆ ಎಷ್ಟು. ಕಾರ್ಬನ್ ಮೊನಾಕ್ಸೈಡ್ ಅದಕ್ಕೆ ಗೊತ್ತಾಗುವುದಿಲ್ಲ. ಗೀಸರ್ ಹಾಕಿದರೆ ಅದಕ್ಕೆಂದೇ ಬರುವ ಅಲಾರಂ ಬೇರೆ ತರಬೇಕು.